ಹಳೆಯ ಫಿಯಟ್ಟೋ, ಹೊಸ ಹ್ಯಾಚ್‌ಬ್ಯಾಕೋ: ಕರಾವಳಿಯಲ್ಲಿ ಕಾರು ಆರಿಸುವವರಿಗೆ

ದೀಪಾವಳಿಗೆ ಬಂದಿದ್ದ ಭಾವ ಅವಲಕ್ಕಿ ತಿನ್ನುತ್ತಾ ಕೇಳಿದರು: “ಕುಂದಾಪುರದಲ್ಲಿ ಒಂದು ಫಿಯಟ್ ಮಾರ್ಲಿಕ್ಕುಂಟು, ಎಂಬತ್ತೈದನೇ ಇಸವಿಯದ್ದು. ನೋಡ್ಲಿಕ್ಕೆ ಭಾರೀ ಲಾಯ್ಕ ಉಂಟು. ಅದಕ್ಕೆ ಕೊಡುವ ದುಡ್ಡಿನಲ್ಲಿ ಹೊಸ ಕಾರಿಗೆ ಮುಂಗಡವೂ ಕಟ್ಟಬಹುದು. ಯಾವುದು ಮಾಡುವುದು, ನೀವೇ ಹೇಳಿ.”

ನಾನು ಬೆಲೆ ಕೇಳಲಿಲ್ಲ, ಮೈಲೇಜೂ ಕೇಳಲಿಲ್ಲ. “ಜೂನ್ ತಿಂಗಳಲ್ಲಿ ಅದನ್ನು ಎಲ್ಲಿ ನಿಲ್ಲಿಸ್ತೀರಿ ಭಾವ?” ಎಂದೆ. ಅವರ ಫ್ಲ್ಯಾಟ್ ಇರುವುದು ಸುರತ್ಕಲ್‌ನಲ್ಲಿ. ಬಾಲ್ಕನಿಯಲ್ಲಿ ನಿಂತರೆ ಕಡಲು ಕಾಣುತ್ತದೆ. ಪಾರ್ಕಿಂಗ್ ತೆರೆದ ಅಂಗಳದಲ್ಲಿ, ಮೇಲೆ ಶೀಟೂ ಇಲ್ಲ. ಅವರು ಉತ್ತರ ಕೊಡದೆ ಅವಲಕ್ಕಿಯ ಬಟ್ಟಲು ನೋಡಿದರು.

ನಮ್ಮ ಮನೆಯಲ್ಲಿ ಎರಡೂ ಇವೆ. ಅಪ್ಪ ಸೆಕೆಂಡ್ ಹ್ಯಾಂಡ್ ತಂದ 1986ರ ಪ್ರೀಮಿಯರ್ ಪದ್ಮಿನಿ ಒಂದು, ನಾನು 2022ರಲ್ಲಿ ಕೊಂಡ ಪೆಟ್ರೋಲ್ ಹ್ಯಾಚ್‌ಬ್ಯಾಕ್ ಇನ್ನೊಂದು. ಉಡುಪಿಯ ಹತ್ತಿರ ಒಂದೇ ಶೆಡ್ಡಿನಡಿ ಅಕ್ಕಪಕ್ಕ ನಿಲ್ಲುತ್ತವೆ. ಎರಡನ್ನೂ ಪ್ರೀತಿಯಿಂದ ಓಡಿಸುತ್ತೇನೆ. ಭಾವನಿಗೆ ಅಂದು ರಾತ್ರಿ ಹೇಳಿದ್ದನ್ನು, ಹೇಳಲು ಮರೆತದ್ದನ್ನೂ ಸೇರಿಸಿ, ಇಲ್ಲಿ ಬರೆಯುತ್ತಿದ್ದೇನೆ.

ನಮ್ಮೂರಲ್ಲಿ ಫಿಯಟ್ ಎಂದರೆ ಈ ಪದ್ಮಿನಿಯೇ. ಮುಂಬೈಯ ಕುರ್ಲಾದಲ್ಲಿ ಪ್ರೀಮಿಯರ್ ಕಂಪೆನಿ 1964ರಲ್ಲಿ ಫಿಯಟ್ 1100 ಡಿಲೈಟ್ ಎಂದು ತಯಾರಿಸಲು ಶುರುಮಾಡಿದ ಇಟಲಿ ಮೂಲದ ಕಾರು ಅದು. ಪದ್ಮಿನಿ ಎಂಬ ಹೆಸರು ಬಂದದ್ದು 1974ರಲ್ಲಿ. 1,089 ಸಿಸಿಯ ಎಂಜಿನ್, ಸುಮಾರು 40 ಅಶ್ವಶಕ್ತಿ. ಅದರ ಪಕ್ಕದಲ್ಲಿ ನಿಂತಿರುವ ನನ್ನ ಹೊಸ ಕಾರಿನ ಎಂಜಿನ್ 1,197 ಸಿಸಿ, ಶಕ್ತಿ ಎರಡು ಪಟ್ಟಿಗಿಂತ ಹೆಚ್ಚು. ತೂಕದಲ್ಲಿ ಮಾತ್ರ ಇಬ್ಬರೂ ಹೆಚ್ಚುಕಡಿಮೆ ಸಮ, ಒಂದು ಟನ್ನಿನ ಒಳಗೆ. ನಡುವಿನ ನಲವತ್ತು ವರ್ಷಗಳ ವ್ಯತ್ಯಾಸವೆಲ್ಲ ಆ ತೂಕವನ್ನು ಎಲ್ಲೆಲ್ಲಿ ಹಂಚಿದ್ದಾರೆ ಎಂಬುದರಲ್ಲಿದೆ.

ಮೊದಲು ಜೀವದ ಮಾತು

“ಹಳೆ ಕಾರಿನ ತಗಡು ದಪ್ಪ, ಆನೆ ಗುದ್ದಿದರೂ ಏನಾಗುವುದಿಲ್ಲ, ಈಗಿನದ್ದು ಬರೀ ಡಬ್ಬ” ಎನ್ನುವ ಮಾತು ಪ್ರತಿ ಮದುವೆ ಮನೆಯಲ್ಲೂ ಕೇಳಿಬರುತ್ತದೆ. ಅದು ತಪ್ಪು, ಮತ್ತು ಅಪಾಯಕಾರಿಯಾದ ತಪ್ಪು. ಅಮೆರಿಕದ ಹೆದ್ದಾರಿ ಸುರಕ್ಷತೆಯ ವಿಮಾ ಸಂಸ್ಥೆಯವರು 2009ರಲ್ಲಿ 1959ರ ಶೆವ್ರೊಲೆ ಬೆಲ್ ಏರ್ ಕಾರನ್ನೂ 2009ರ ಶೆವ್ರೊಲೆ ಮಾಲಿಬು ಕಾರನ್ನೂ ಗಂಟೆಗೆ ಸುಮಾರು 64 ಕಿಲೋಮೀಟರ್ ವೇಗದಲ್ಲಿ ಎದುರುಬದುರು ಡಿಕ್ಕಿ ಹೊಡೆಸಿ ನೋಡಿದರು. ಭಾರೀ ಗಟ್ಟಿ ಎಂದು ಹೆಸರಾದ ಬೆಲ್ ಏರ್‌ನ ಒಳಗಿನ ಜಾಗವೇ ಕುಸಿದು ಚಾಲಕನ ಗೊಂಬೆ ನಜ್ಜುಗುಜ್ಜಾಯಿತು. ಮಾಲಿಬುವಿನ ಮೂತಿ ಮುದುಡಿ ಹೋಯಿತು, ಒಳಗಿನ ಕೋಣೆ ನಿಂತಿತು. ಮೂತಿ ಮುದುಡುವುದೇ ಅದರ ಕೆಲಸ. ಹೊಡೆತವನ್ನು ಅದು ನುಂಗದಿದ್ದರೆ ನಮ್ಮ ಎದೆಗೂಡು ನುಂಗಬೇಕಾಗುತ್ತದೆ.

ನಮ್ಮ ಪದ್ಮಿನಿಯ ಸ್ಟೀರಿಂಗ್ ದಂಡ ನೆಟ್ಟಗೆ ಎದೆಯ ಕಡೆಗೇ ಬರುತ್ತದೆ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು. ಏರ್‌ಬ್ಯಾಗ್ ಇಲ್ಲ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಕಚ್ಚಿಕೊಂಡು ಜಾರದಂತೆ ತಡೆಯುವ ಎಬಿಎಸ್ ಇಲ್ಲ, ಮಗುವಿನ ಸೀಟನ್ನು ಬಿಗಿಯಲು ಕೊಂಡಿಯೂ ಇಲ್ಲ. ನಮ್ಮ ದೇಶದ ಹೊಸ ಕಾರುಗಳಿಗೆ 2019ರಲ್ಲಿ ಎಬಿಎಸ್ ಮತ್ತು ಚಾಲಕನ ಏರ್‌ಬ್ಯಾಗ್ ಕಡ್ಡಾಯವಾಯಿತು, 2021ರ ಕೊನೆಯ ಹೊತ್ತಿಗೆ ಪಕ್ಕದ ಸೀಟಿನದ್ದೂ ಬಂತು. 2023ರ ಅಕ್ಟೋಬರಿನಿಂದ ಭಾರತ್ ಎನ್‌ಕ್ಯಾಪ್ ಎಂಬ ನಮ್ಮದೇ ಡಿಕ್ಕಿ ಪರೀಕ್ಷೆಯ ನಕ್ಷತ್ರಗಳು ಸಿಗುತ್ತಿವೆ. ಹೊಸ ಕಾರು ನೋಡುವವರು ಸನ್‌ರೂಫ್ ಕೇಳುವ ಮುಂಚೆ ಆ ನಕ್ಷತ್ರ ಕೇಳಿ.

ಪಡುಬಿದ್ರಿಯಿಂದ ಮೂಲ್ಕಿಯ ಕಡೆಗೆ ಹೆದ್ದಾರಿ 66ರಲ್ಲಿ ಸಂಜೆ ಹೊತ್ತು ಒಮ್ಮೆ ಹೋಗಿ ಬನ್ನಿ. ಎಕ್ಸ್‌ಪ್ರೆಸ್ ಬಸ್ಸು ಹಿಂದೆ ಹಾರ್ನ್ ಹಾಕುತ್ತಿರುತ್ತದೆ, ಎದುರಿನಿಂದ ಮೀನಿನ ಲಾರಿ ತಪ್ಪು ದಿಕ್ಕಿನಲ್ಲಿ ಬರುತ್ತಿರುತ್ತದೆ. ಆ ರಸ್ತೆಯಲ್ಲಿ ದಿನಾ ಮಕ್ಕಳನ್ನು ಶಾಲೆಗೆ ಬಿಡುವವರಿಗೆ ನಾನು ಹಳೆ ಕಾರನ್ನು ಎಂದೂ ಹೇಳಲಾರೆ. ಮನೆಗೆ ಒಂದೇ ಕಾರು ಎಂದಾದರೆ ಅದು ಹೊಸದೇ ಆಗಿರಲಿ. ಈ ಒಂದು ವಿಷಯದಲ್ಲಿ ನನಗೆ ಎರಡು ಮನಸ್ಸಿಲ್ಲ.

ತುಕ್ಕು

ಬೆಂಗಳೂರಿನಲ್ಲಿ, ಹುಬ್ಬಳ್ಳಿಯಲ್ಲಿ ಹಳೆ ಕಾರು ಇಟ್ಟುಕೊಂಡವರ ಅನುಭವ ನಮಗೆ ಅಷ್ಟಾಗಿ ಉಪಯೋಗಕ್ಕೆ ಬರುವುದಿಲ್ಲ. ಅವರ ಚಿಂತೆ ಎಂಜಿನ್ನು, ನಮ್ಮ ಚಿಂತೆ ತಗಡು. ಎಂಜಿನ್ ಬಿಚ್ಚಿ ಬೋರ್ ಮಾಡಿಸಿ ಕೂರಿಸಬಹುದು. ತಳ ತಿಂದು ಹೋದ ಕಾರಿಗೆ ಆಧಾರವೇ ಉಳಿಯುವುದಿಲ್ಲ.

ಕಡಲ ಗಾಳಿಯ ಉಪ್ಪು ತಗಡಿನ ಮೇಲೆ ಕೂತು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಮಳೆ ಇಲ್ಲದ ದಿನವೂ ತಗಡು ಒದ್ದೆಯಾಗಿಯೇ ಇರುತ್ತದೆ. ಅದರ ಮೇಲೆ ಜೂನ್‌ನಿಂದ ಸೆಪ್ಟೆಂಬರ್ ತನಕ ಬಿಡದ ಮಳೆ. ಈಗಿನ ಹಲವು ಕಾರುಗಳ ತಗಡಿಗೆ ಸತುವಿನ ಲೇಪ ಇರುತ್ತದೆ. ಇಡೀ ಬಾಡಿಯನ್ನು ಪ್ರೈಮರ್ ತೊಟ್ಟಿಯಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸುವುದರಿಂದ ಕಣ್ಣಿಗೆ ಕಾಣದ ಸಂದುಗಳಿಗೂ ಬಣ್ಣ ಹಿಡಿಯುತ್ತದೆ. ಪದ್ಮಿನಿಯ ಕಾಲದ ಕಾರುಗಳಲ್ಲಿ ಬಾಗಿಲ ಕೆಳಗಿನ ಪಟ್ಟಿಯಂಥ ಟೊಳ್ಳು ಭಾಗಗಳ ಒಳಗೋಡೆಗೆ ಅಂಥ ರಕ್ಷಣೆ ಸಿಕ್ಕಿಲ್ಲ. ಹಾಗಾಗಿ ತುಕ್ಕು ಒಳಗಿನಿಂದ ಹೊರಗೆ ಬರುತ್ತದೆ. ಬಣ್ಣದಡಿ ಸಣ್ಣ ಗುಳ್ಳೆ ಕಂಡಿತೆಂದರೆ ಒಳಗೆ ಅಂಗೈಯಗಲ ಹೋಗಿದೆ ಎಂದೇ ಲೆಕ್ಕ.

ನಮ್ಮ ಪದ್ಮಿನಿಗೆ ಒಮ್ಮೆ ಪೂರ್ತಿ ಟಿಂಕರಿಂಗ್, ಅಂದರೆ ತಗಡಿನ ರಿಪೇರಿ, ಮಾಡಿಸಿದ್ದೆವು. ಬೆಣ್ಣೆಯಂತೆ ನುಣುಪಾಗಿ ಬಂತು, ಅಪ್ಪ ಕೈಯಾಡಿಸಿ ಆಡಿಸಿ ಸಂತೋಷಪಟ್ಟರು. ಎರಡು ಮಳೆಗಾಲ ಕಳೆದಾಗ ಎಡಗಡೆಯ ಹಿಂದಿನ ಚಕ್ರದ ಮೇಲೆ ಬಣ್ಣ ಬಿರಿಯಿತು. ಉಗುರಿನಲ್ಲಿ ಕೆರೆದರೆ ತಗ್ಗು ತುಂಬಲು ಬಳಿಯುವ ಪುಟ್ಟಿ ಬಿಲ್ಲೆ ಬಿಲ್ಲೆಯಾಗಿ ಬಿದ್ದಿತು. ತುಕ್ಕು ಹಿಡಿದ ತಗಡನ್ನು ಕತ್ತರಿಸಿ ಹೊಸ ತಗಡು ಬೆಸೆಯುವ ಬದಲು ಮೇಲೆಯೇ ಪುಟ್ಟಿ ಬಳಿದಿದ್ದರು. ಅಪ್ಪ ಅಂದು ಏನೂ ಮಾತಾಡಲಿಲ್ಲ, ಶೆಡ್ಡಿನ ಬಾಗಿಲು ಹಾಕಿ ಒಳಗೆ ಹೋದರು. ಮತ್ತೆ ಇಡೀ ಕೆಲಸ ಮೊದಲಿನಿಂದ ಮಾಡಿಸಬೇಕಾಯಿತು, ಖರ್ಚೂ ಎರಡನೇ ಸಲ ಆಯಿತು. ಅಂದಿನಿಂದ ಟಿಂಕರಿಂಗ್ ನಡೆಯುವಾಗ ಪ್ರೈಮರ್ ಬಳಿಯುವ ಮುಂಚೆ ಒಮ್ಮೆ ಹೋಗಿ ಬರಿಯ ತಗಡನ್ನು ಕಣ್ಣಾರೆ ನೋಡಿ ಫೋಟೋ ತೆಗೆದುಕೊಳ್ಳುವುದು ನಮ್ಮ ಮನೆಯ ನಿಯಮ.

ಹೊಸ ಕಾರಾದರೂ ಮಲ್ಪೆ, ಕಾಪು ಬೀಚಿನ ಮರಳಿನ ಮೇಲೆ ಇಳಿಸಬೇಡಿ. ಮರವಂತೆಯಲ್ಲಿ ರಸ್ತೆಯ ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ ನದಿ. ಗಾಳಿ ಜೋರಿದ್ದ ದಿನ ಅಲ್ಲಿ ಹಾದು ಬಂದರೆ ಗಾಜಿನ ಮೇಲೆ ಉಪ್ಪಿನ ಮಂಜು ಕೂತಿರುತ್ತದೆ. ಮನೆಗೆ ಬಂದ ಕೂಡಲೇ ಬಾವಿ ನೀರಿನ ಪೈಪು ಹಿಡಿದು ಕಾರಿನ ಅಡಿಯನ್ನು ತೊಳೆಯಬೇಕು. ಮೇಲಿನ ಹೊಳಪು ನಾಳೆಗಾದರೂ ಆದೀತು, ಅಡಿಯದ್ದು ಅಂದೇ ಆಗಬೇಕು.

ಕವರ್ ಹೊದಿಸಿದರೆ ಸಾಕಲ್ಲ ಎನ್ನುತ್ತಾರೆ. ಪ್ಲಾಸ್ಟಿಕ್ ಕವರಿನಡಿ ತೇವ ಸಿಕ್ಕಿಬಿದ್ದು ಬಯಲಲ್ಲಿ ನಿಂತದ್ದಕ್ಕಿಂತ ಬೇಗ ತುಕ್ಕು ಬರುತ್ತದೆ, ಸೀಟಿಗೆ ಬೂಸ್ಟು ಹಿಡಿಯುತ್ತದೆ. ಹಳೆ ಕಾರಿಗೆ ಬೇಕಾದದ್ದು ಮೇಲೊಂದು ಸೂರು, ಎರಡು ಬದಿ ಗಾಳಿಯಾಡುವ ಜಾಗ, ಕೆಳಗೆ ಸಿಮೆಂಟ್ ನೆಲ. ಮಣ್ಣಿನ ನೆಲದ ತೇವ ನೇರ ತಳಕ್ಕೆ ಏರುತ್ತದೆ. ಇದಿಲ್ಲದವರು ಹಳೆ ಕಾರಿನ ಆಸೆಯನ್ನು ಮನೆ ಕಟ್ಟುವ ತನಕ ಮುಂದೂಡುವುದು ಕಾರಿಗೂ ಒಳ್ಳೆಯದು.

ಮಳೆ ಮತ್ತು ಘಾಟಿ

ಪದ್ಮಿನಿಯಲ್ಲಿ ಎಂಜಿನ್ನಿನ ಕಿಡಿಗೆ ವಿದ್ಯುತ್ ಹಂಚುವ ಡಿಸ್ಟ್ರಿಬ್ಯೂಟರಿನ ಮುಚ್ಚಳದ ಒಳಗೆ ಒಂದಿಷ್ಟು ತೇವ ಹೋದರೆ ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಮುಚ್ಚಳ ತೆಗೆದು ಒಣ ಬಟ್ಟೆಯಲ್ಲಿ ಒರೆಸಿ, ಅದರೊಳಗೆ ಕಿಡಿಯ ಹೊತ್ತು ನಿರ್ಧರಿಸುವ ಪಾಯಿಂಟ್ ನೋಡಿ, ಚೋಕ್ ಎಳೆದು ಮತ್ತೆ ಪ್ರಯತ್ನಿಸಬೇಕು. ಹತ್ತು ನಿಮಿಷದ ಕೆಲಸ, ಕಲಿತವರಿಗೆ. ನೀರು ನಿಂತ ರಸ್ತೆ ದಾಟಿದ ಮೇಲೆ ಡ್ರಮ್ ಬ್ರೇಕ್ ಒದ್ದೆಯಾಗಿ ಹಿಡಿಯುವುದಿಲ್ಲ. ನಿಧಾನಕ್ಕೆ ಹೋಗುತ್ತಾ ಪೆಡಲನ್ನು ಹಗುರವಾಗಿ ಒತ್ತಿ ಬಿಸಿ ಮಾಡಿ ಒಣಗಿಸಬೇಕು. ಎಸಿ ಇಲ್ಲದ್ದರಿಂದ ಒಳಗಿನ ಉಸಿರೇ ಗಾಜಿಗೆ ಮಂಜಾಗಿ ಕೂರುತ್ತದೆ. ಮಂಜು ಹೋಗಲು ಕಿಟಕಿ ಇಳಿಸಿದರೆ ಮಳೆ ಒಳಗೆ. ಹೊಸ ಕಾರಿನಲ್ಲಿ ಒಂದು ಗುಂಡಿ ಒತ್ತಿದರೆ ಮುಗಿಯಿತು. ಜುಲೈ ತಿಂಗಳ ರಾತ್ರಿ ಎದುರಿನ ಲೈಟು ಕಣ್ಣಿಗೆ ಹೊಡೆಯುವಾಗ ಆ ಗುಂಡಿಯ ಬೆಲೆ ಗೊತ್ತಾಗುತ್ತದೆ.

ಆದರೆ ನೀರಿನ ವಿಷಯದಲ್ಲಿ ಹೊಸ ಕಾರಿಗೂ ಒಂದು ದೌರ್ಬಲ್ಯ ಉಂಟು. ಮಂಗಳೂರಿನ ಕೊಟ್ಟಾರ ಚೌಕಿಯಲ್ಲಿ, ಪಂಪ್‌ವೆಲ್‌ನಲ್ಲಿ ನೀರು ಏರಿದ ದಿನ ಧೈರ್ಯ ಮಾಡಿ ನುಗ್ಗಿಸಿದರೆ ಎಂಜಿನ್ ಗಾಳಿಯ ಜೊತೆ ನೀರನ್ನೂ ಎಳೆದುಕೊಂಡು ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇದು ಹಳೆಯದಕ್ಕೂ ಆಗುವಂಥದ್ದೇ. ಆದರೆ ಹೊಸದರಲ್ಲಿ ನೆಲದ ಮ್ಯಾಟಿನಡಿಯ ವಯರಿಂಗ್, ಕಂಪ್ಯೂಟರ್ ಪೆಟ್ಟಿಗೆ, ಸೆನ್ಸರ್‌ಗಳೂ ನೀರು ಕುಡಿಯುತ್ತವೆ, ಬಿಲ್ಲು ಲಕ್ಷದ ಲೆಕ್ಕಕ್ಕೆ ಹೋಗುತ್ತದೆ. ಹೊಸ ಕಾರು ಕೊಳ್ಳುವವರು ವಿಮೆಯಲ್ಲಿ ಎಂಜಿನ್ ರಕ್ಷಣೆಯ ಹೆಚ್ಚುವರಿ ಭಾಗವನ್ನು ಸೇರಿಸಿಕೊಳ್ಳಿ. ಬೇರೆ ಊರಿನವರಿಗೆ ಅದು ಬೇಡವಾದೀತು, ಮಂಗಳೂರಿನವರಿಗೆ ಬೇಕು. ಇನ್ನೊಂದು ಶತ್ರು ಇಲಿ. ತೋಟದ ಮನೆಗಳಲ್ಲಿ ವಯರು ಕಡಿದು ಹಾಕುತ್ತವೆ. ಹಳೆ ಕಾರಿನಲ್ಲಿ ನಾಲ್ಕು ವಯರು, ಟೇಪು ಸುತ್ತಿ ಹೊರಡಬಹುದು. ಹೊಸದರಲ್ಲಿ ಹಾರ್ನೆಸ್ ಎಂಬ ಇಡೀ ವಯರಿನ ಕಟ್ಟನ್ನೇ ಬದಲಿಸಬೇಕಾಗಿ ಬರುವುದುಂಟು.

ಘಾಟಿಯ ಮಾತಿಗೆ ಬಂದರೆ, ಆಗುಂಬೆಯ ಹದಿನಾಲ್ಕು ತಿರುವುಗಳನ್ನು ಪದ್ಮಿನಿ ಹತ್ತುತ್ತದೆ. ಎರಡನೇ ಗೇರಿನಲ್ಲಿ, ಬಿಗಿ ತಿರುವಿನಲ್ಲಿ ಒಂದನೆಯದರಲ್ಲಿ, ತಾಳ್ಮೆಯಿಂದ. ಏಪ್ರಿಲ್ ತಿಂಗಳ ಮಧ್ಯಾಹ್ನ ಶಿರಾಡಿಯಲ್ಲಿ ಗ್ಯಾಸ್ ಟ್ಯಾಂಕರಿನ ಹಿಂದೆ ಸಿಕ್ಕಿಬಿದ್ದರೆ ಬೇರೆ ಕಥೆ. ಎಂಜಿನ್ನಿನ ಮೈಗೇ ಕೂತ ಪೆಟ್ರೋಲ್ ಪಂಪು ಕಾದು, ಒಳಗಿನ ಪೆಟ್ರೋಲು ಆವಿಯಾಗಿ, ಕಾರು ನಿಲ್ಲುತ್ತದೆ. ಬಾನೆಟ್ ತೆಗೆದು ಪಂಪಿಗೆ ಒದ್ದೆ ಬಟ್ಟೆ ಸುತ್ತಿ ಕಾಯಬೇಕು. ಅಪ್ಪ ಘಾಟಿಗೆ ಹೊರಟರೆ ಒಂದು ಹಳೆ ಬೈರಾಸು (ಟವೆಲ್), ಎರಡು ಬಾಟಲಿ ನೀರು ಡಿಕ್ಕಿಯಲ್ಲಿ ಇದ್ದೇ ಇರುತ್ತಿತ್ತು. ನಾನೂ ಇಡುತ್ತೇನೆ. ಹೊಸ ಕಾರುಗಳಲ್ಲಿ ಪಂಪು ಪೆಟ್ರೋಲ್ ಟ್ಯಾಂಕಿನ ಒಳಗೇ ಇದ್ದು ಒತ್ತಡದಲ್ಲಿ ಕಳಿಸುವುದರಿಂದ ಈ ತೊಂದರೆ ಇಲ್ಲ.

ಪೆಟ್ರೋಲು ಬದಲಾಗಿದೆ

ಹಳೆ ಕಾರು ಕೊಳ್ಳುವವರಲ್ಲಿ ಹೆಚ್ಚಿನವರು ಇದನ್ನು ಯೋಚಿಸಿಯೇ ಇರುವುದಿಲ್ಲ. ಈಗ ಬಂಕುಗಳಲ್ಲಿ ಸಿಗುವುದು ಶೇ 20 ಎಥನಾಲ್ ಬೆರೆತ ಪೆಟ್ರೋಲು. 2023ರ ಏಪ್ರಿಲ್ ನಂತರದ ಕಾರುಗಳ ಪೈಪು, ವಾಷರ್‌ಗಳನ್ನು ಅದಕ್ಕೆ ತಕ್ಕಂತೆ ಮಾಡಿದ್ದಾರೆ. ಎಂಬತ್ತರ ದಶಕದ ರಬ್ಬರು, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರಿನ ವಾಷರು ಎಥನಾಲಿಗೆ ಉಬ್ಬುತ್ತವೆ, ಬಿರಿಯುತ್ತವೆ. ಬಿರಿದ ಪೈಪಿನಿಂದ ಬಿಸಿ ಎಂಜಿನ್ ಮೇಲೆ ಪೆಟ್ರೋಲು ತೊಟ್ಟಿಕ್ಕಿದರೆ ಬೆಂಕಿಯೇ. ಹಳೆ ಕಾರು ಮನೆಗೆ ಬಂದ ಮೊದಲ ವಾರವೇ ಟ್ಯಾಂಕಿನಿಂದ ಕಾರ್ಬುರೇಟರ್ ತನಕದ ಎಲ್ಲ ರಬ್ಬರ್ ಪೈಪುಗಳನ್ನು ಎಥನಾಲ್ ತಡೆಯುವಂಥವಕ್ಕೆ ಬದಲಿಸಿ. ದೊಡ್ಡ ಖರ್ಚಿನ ಕೆಲಸವಲ್ಲ.

ಎಥನಾಲ್ ನೀರನ್ನು ಹೀರುತ್ತದೆ. ನಮ್ಮ ಮಳೆಗಾಲದ ಗಾಳಿಯಲ್ಲಿ ಅರ್ಧ ಖಾಲಿ ಟ್ಯಾಂಕಿನ ಕಾರನ್ನು ತಿಂಗಳುಗಟ್ಟಲೆ ನಿಲ್ಲಿಸಿದರೆ, ಸಾಕಷ್ಟು ನೀರು ಸೇರಿದ ಮೇಲೆ ನೀರೂ ಎಥನಾಲೂ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ, ಟ್ಯಾಂಕನ್ನು ಒಳಗಿನಿಂದ ತಿನ್ನುತ್ತವೆ. ಆದ್ದರಿಂದ ಮಳೆಗಾಲದಲ್ಲಿಯೂ ಎರಡು ವಾರಕ್ಕೊಮ್ಮೆ ಮಳೆ ಬಿಟ್ಟ ಹೊತ್ತು ನೋಡಿ ಇಪ್ಪತ್ತು ಕಿಲೋಮೀಟರ್ ಓಡಿಸಿ. ನಿಂತಲ್ಲೇ ಐದು ನಿಮಿಷ ಸ್ಟಾರ್ಟ್ ಮಾಡಿ ಆಫ್ ಮಾಡುವುದು ಸೈಲೆನ್ಸರಿನ ಒಳಗೆ ನೀರು ತುಂಬಿಸಿದಂತೆ. ಎಥನಾಲಿನಲ್ಲಿ ಶಕ್ತಿ ಪೆಟ್ರೋಲಿಗಿಂತ ಮೂರನೇ ಒಂದು ಪಾಲು ಕಡಿಮೆ. ಹೊಸ ಕಾರಿನ ಕಂಪ್ಯೂಟರ್ ಅದನ್ನು ತಾನೇ ಸರಿದೂಗಿಸುತ್ತದೆ. ಕಾರ್ಬುರೇಟರಿಗೆ ಆ ಬುದ್ಧಿ ಇಲ್ಲ, ಪೆಟ್ರೋಲು ಹಾಯುವ ಅದರ ಸಣ್ಣ ತೂತನ್ನು, ಅಂದರೆ ಜೆಟ್ಟನ್ನು, ಮೇಸ್ತ್ರಿಯಿಂದ ಹೊಂದಿಸಬೇಕು. ನಮ್ಮ ಪದ್ಮಿನಿ ಲೀಟರಿಗೆ ಹತ್ತು ಹನ್ನೊಂದು ಕೊಡುತ್ತದೆ, ಹೊಸದು ಮಂಗಳೂರು–ಉಡುಪಿ ಓಡಾಟದಲ್ಲಿ ಹದಿನೇಳರ ಆಸುಪಾಸು.

ದುಡ್ಡು, ಕಾಗದಪತ್ರ

ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ 2025ರ ಸೆಪ್ಟೆಂಬರ್ 22ರಿಂದ ಶೇ 18ಕ್ಕೆ ಇಳಿದಿದೆ. ಹೊಸದು ಕೊಳ್ಳುವವರಿಗೆ ಇದು ಒಳ್ಳೆಯ ಕಾಲ. ಜೀವಾವಧಿ ರಸ್ತೆ ತೆರಿಗೆ ಮಾತ್ರ ನಮ್ಮ ರಾಜ್ಯದಲ್ಲಿ ಭಾರವೇ. ಶೋರೂಮಿನ ಬೆಲೆ ನೋಡಿ ಹಿಗ್ಗಬೇಡಿ, ರಸ್ತೆಗಿಳಿಯುವ ಬೆಲೆಯನ್ನೇ ಬರೆದು ಕೊಡಲು ಹೇಳಿ.

ಹಳೆಯದರ ಕಾಗದಪತ್ರ ಕಾರಿಗಿಂತ ಮುಖ್ಯ. 15 ವರ್ಷ ದಾಟಿದ ಕಾರಿನ ನೋಂದಣಿಯನ್ನು ಐದೈದು ವರ್ಷಕ್ಕೆ ನವೀಕರಿಸಬೇಕು. 20 ವರ್ಷ ದಾಟಿದವುಗಳಿಗೆ ಆ ಶುಲ್ಕ 2025ರ ಆಗಸ್ಟಿನಿಂದ 10,000 ರೂಪಾಯಿ ಆಗಿದೆ. ಹಸಿರು ತೆರಿಗೆ ಬೇರೆ. 50 ವರ್ಷ ದಾಟಿ ಮೂಲ ರೂಪದಲ್ಲೇ ಇರುವ ಕಾರಾದರೆ 2021ರ ನಿಯಮದಂತೆ ವಿಂಟೇಜ್ ನೋಂದಣಿ ಮಾಡಿಸಬಹುದು, ಸಂಖ್ಯೆಯಲ್ಲಿ ‘ವಿಎ’ ಅಕ್ಷರ ಬರುತ್ತದೆ, ಹೊಸ ನೋಂದಣಿಗೆ 20,000 ರೂಪಾಯಿ. ಆದರೆ ಅಂಥ ಕಾರನ್ನು ದಿನನಿತ್ಯದ ಓಡಾಟಕ್ಕೆ ಬಳಸುವಂತಿಲ್ಲ. ಎಂಬತ್ತೈದರ ಪದ್ಮಿನಿಗೆ ಇದು ಸದ್ಯಕ್ಕೆ ಅನ್ವಯಿಸುವುದೂ ಇಲ್ಲ.

ನೋಂದಣಿ ಪತ್ರದಲ್ಲಿ, ಅಂದರೆ ಆರ್‌ಸಿಯಲ್ಲಿ, ಇರುವ ಎಂಜಿನ್ ನಂಬರು, ಚಾಸಿ ನಂಬರು ಕಾರಿನ ಮೇಲೆ ಕೊರೆದದ್ದಕ್ಕೆ ಹೊಂದುತ್ತವೆಯೇ ನೋಡಿ. ಎಷ್ಟೋ ಕಾರುಗಳಿಗೆ ನಡುವಲ್ಲಿ ಡೀಸೆಲ್ ಎಂಜಿನ್ ಕೂರಿಸಿದ್ದಾರೆ, ಪುಸ್ತಕದಲ್ಲಿ ಪೆಟ್ರೋಲ್ ಎಂದೇ ಇರುತ್ತದೆ. ಹಳೆ ಪುಸ್ತಕದ ಆರ್‌ಸಿಯಾದರೆ ಸರಕಾರ ವಾಹನಗಳ ದಾಖಲೆ ಇಡುವ ‘ವಾಹನ್’ ಜಾಲದಲ್ಲಿ ಅದರ ದಾಖಲೆ ಏರಿದೆಯೇ ಎಂದು ಆರ್‌ಟಿಒದಲ್ಲಿ ವಿಚಾರಿಸಿ. ಏರಿರದಿದ್ದರೆ ಅದನ್ನು ಮಾರುವವರೇ ಮಾಡಿಸಿ ಕೊಡಲಿ. ಮಾಲೀಕರು ತೀರಿಕೊಂಡಿದ್ದರೆ ವಾರಸುದಾರರ ಹೆಸರಿಗೆ ಆದ ಮೇಲೆಯೇ ಮುಂಗಡ ಕೊಡಿ.

ಯಾರು ರಿಪೇರಿ ಮಾಡುತ್ತಾರೆ?

ಇದು ಶೆಡ್ಡಿನಷ್ಟೇ ದೊಡ್ಡ ಪ್ರಶ್ನೆ. ಪಾಯಿಂಟ್ ಗ್ಯಾಪ್ ಕಣ್ಣಳತೆಯಲ್ಲಿ ಇಡಬಲ್ಲ, ಎಂಜಿನ್ ಸದ್ದು ಕೇಳಿ ಟೈಮಿಂಗ್ ಹೇಳಬಲ್ಲ ಮೇಸ್ತ್ರಿಗಳು ನಮ್ಮ ಜಿಲ್ಲೆಗಳಲ್ಲಿ ಇನ್ನೂ ಇದ್ದಾರೆ, ಆದರೆ ಅವರಿಗೆ ವಯಸ್ಸಾಗಿದೆ. ನಮ್ಮ ಕಾರು ನೋಡುವವರಿಗೆ ಎಪ್ಪತ್ತು ದಾಟಿತು. ಅವರ ಮಗ ಸ್ಕ್ಯಾನರ್ ಹಿಡಿದು ಹೊಸ ಕಾರುಗಳ ಕೆಲಸ ಮಾಡುತ್ತಾನೆ, ಒಳ್ಳೆಯ ಕೆಲಸಗಾರ, ಆದರೆ ಮುಂದಿನ ಚಕ್ರ ಅತ್ತಿತ್ತ ತಿರುಗಲು ಆಧಾರವಾದ ಕಿಂಗ್‌ಪಿನ್ನಿಗೆ ಗ್ರೀಸ್ ಹೊಡೆಯುವುದು ಅವನಿಗೆ ಗೊತ್ತಿಲ್ಲ. ಹಳೆ ಕಾರು ಕೊಳ್ಳುವ ಮುಂಚೆ ಅಂಥ ಒಬ್ಬರನ್ನು ಹುಡುಕಿ, ಅವರ ಜೊತೆ ಕೂತು ನೀವೂ ಕಲಿಯಿರಿ.

ಬಿಡಿಭಾಗದ ಮಟ್ಟಿಗೆ ಪದ್ಮಿನಿಯನ್ನು ಇಷ್ಟು ವರ್ಷ ಬದುಕಿಸಿದ್ದು ಮುಂಬೈಯ ಕಪ್ಪು–ಹಳದಿ ಟ್ಯಾಕ್ಸಿಗಳು. 2023ರ ಅಕ್ಟೋಬರಿನಲ್ಲಿ ಕೊನೆಯ ಪದ್ಮಿನಿ ಟ್ಯಾಕ್ಸಿಯ ಅವಧಿಯೂ ಮುಗಿಯಿತು. ಇನ್ನು ಮುಂದೆ ಹೊಸ ಸ್ಟಾಕು ಬರುವುದು ಕಡಿಮೆಯೇ. ನಾನು ವಾಟರ್ ಪಂಪು, ಕ್ಲಚ್ ಪ್ಲೇಟು, ಬ್ರೇಕ್ ಸಿಲಿಂಡರ್ ಕಿಟ್ಟು ಒಂದೊಂದು ಹೆಚ್ಚುವರಿ ತೆಗೆದಿಟ್ಟಿದ್ದೇನೆ. 2014ರಲ್ಲಿ ತಯಾರಿ ನಿಂತ ಅಂಬಾಸಿಡರ್‌ಗೂ ಇದೇ ಮಾತು.

ಹಳೆಯದರ ರುಚಿ ಬೇಕು, ಇಷ್ಟೆಲ್ಲ ಕಷ್ಟ ಬೇಡ ಎನ್ನುವವರಿಗೆ ನಡುವಿನ ಒಂದು ದಾರಿ ಇದೆ: ಮಾರುತಿ 800. 1983ರ ಡಿಸೆಂಬರಿನಲ್ಲಿ ಬಂದು 2014ರ ಜನವರಿ ತನಕ ತಯಾರಾಯಿತು. 796 ಸಿಸಿಯ ಮೂರು ಸಿಲಿಂಡರ್ ಎಂಜಿನ್ ಗೊತ್ತಿಲ್ಲದ ಗ್ಯಾರೇಜು ನಮ್ಮಲ್ಲಿಲ್ಲ, ಭಾಗಗಳು ಎಲ್ಲ ಕಡೆ ಸಿಗುತ್ತವೆ. ತಗಡು ತೆಳು, ಹಾಗಾಗಿ ತುಕ್ಕಿನ ಪರೀಕ್ಷೆ ಇನ್ನೂ ಕಟ್ಟುನಿಟ್ಟಾಗಿ ಮಾಡಬೇಕು. ಸುರಕ್ಷತೆಯಲ್ಲಿ ಅದೂ ಹಳೆ ಕಾರೇ.

ಆ ರುಚಿ ಎಂದರೆ ಏನು ಎಂದು ನನ್ನ ಮಗಳು ಕೇಳುತ್ತಾಳೆ. ಮುಂದಿನ ಉದ್ದ ಸೀಟಿನಲ್ಲಿ ಮೂವರು ತೋಳಿಗೆ ತೋಳು ತಾಗಿಸಿ ಕೂರುವುದು, ಸ್ಟೀರಿಂಗ್ ಪಕ್ಕದ ಗೇರನ್ನು ಕೈ ತಾನಾಗಿ ಹುಡುಕುವುದು, ಮೂಲೆಯ ತ್ರಿಕೋನ ಗಾಜು ತಿರುಗಿಸಿದರೆ ಮುಖಕ್ಕೆ ಬರುವ ಗಾಳಿ. ತೆಳುವಾದ ಕಂಬಗಳ ಕಾರಿನಲ್ಲಿ ಸುತ್ತಲಿನ ಗದ್ದೆಯೆಲ್ಲ ಕಾಣುತ್ತದೆ. ಐವತ್ತು ಕಿಲೋಮೀಟರ್ ವೇಗದಲ್ಲೇ ಮನಸ್ಸು ತುಂಬುತ್ತದೆ. ಹೊಸ ಕಾರಿನಲ್ಲಿ ನನಗೆ ಇದು ಸಿಕ್ಕಿಲ್ಲ, ಸಿಗದ್ದಕ್ಕೆ ಬೇಸರವೂ ಇಲ್ಲ. ಕೊಳ್ಳುವ ಮೊದಲು ನೋಡಿಯಾದರೂ ಬರಬೇಕೆಂದಿದ್ದರೆ ಧರ್ಮಸ್ಥಳದ ಹಳೆ ಕಾರುಗಳ ಸಂಗ್ರಹಕ್ಕೆ ಹೋಗಿ. ಕಾರನ್ನು ಹೇಗೆ ಇಡಬೇಕು ಎಂಬುದಕ್ಕೆ ಅದು ಪಾಠ.

ಕುಂದಾಪುರದ ಕಾರು

ಭಾವನ ಸಮಾಧಾನಕ್ಕೆಂದು ಮರುವಾರ ಇಬ್ಬರೂ ಹೋದೆವು. ಒಂದು ಟಾರ್ಚು, ಬಟ್ಟೆ ಸುತ್ತಿದ ಅಯಸ್ಕಾಂತ, ಒಂದು ದಬ್ಬಳ ಒಯ್ದಿದ್ದೆ. ಅಯಸ್ಕಾಂತ ತಗಡಿಗೆ ಅಂಟುತ್ತದೆ, ಪುಟ್ಟಿಗೆ ಅಂಟುವುದಿಲ್ಲ. ಬಾಗಿಲ ಕೆಳ ಅಂಚು, ಚಕ್ರದ ಕಮಾನು, ಮುಂದಿನ ಗಾಜಿನ ಕೆಳಭಾಗ ಎಲ್ಲ ಕಡೆ ಹಿಡಿದು ನೋಡಿದೆ. ಅಂಟಿತು. ನಂತರ ಮಾಲೀಕರ ಅನುಮತಿ ಕೇಳಿ ಮ್ಯಾಟ್ ಎತ್ತಿ, ಸ್ಟೆಪ್ನಿ ತೆಗೆದು, ಬ್ಯಾಟರಿಯ ತಟ್ಟೆ ನೋಡಿ, ಹಿಂದಿನ ಪಟ್ಟಿ ಸ್ಪ್ರಿಂಗು ಬಾಡಿಗೆ ಸೇರುವ ಜಾಗದಲ್ಲಿ ದಬ್ಬಳ ಒತ್ತಿದೆ. ಬಲಗಡೆ ಗಟ್ಟಿ ಇತ್ತು. ಎಡಗಡೆ ದಬ್ಬಳ ಬಿಸ್ಕತ್ತಿನೊಳಗೆ ಹೋದ ಹಾಗೆ ಒಳಗೆ ಹೋಯಿತು. ಮಾಲೀಕರಿಗೇ ಅದು ಗೊತ್ತಿರಲಿಲ್ಲ, ಪಾಪ, ಮುಖ ಸಣ್ಣದಾಯಿತು.

ಆ ಜಾಗ ಕತ್ತರಿಸಿ ಬೆಸೆಯಬಹುದು. ಶೆಡ್ಡು ಇದ್ದವರು, ಒಬ್ಬ ಮೇಸ್ತ್ರಿ ಗೊತ್ತಿದ್ದವರು, ಬೆಲೆ ಇಳಿಸಿಕೊಂಡು ಅದನ್ನು ತೆಗೆದುಕೊಂಡರೆ ನಾನು ಬೇಡ ಎನ್ನುವುದಿಲ್ಲ. ಎಂಜಿನ್ ಸೊಗಸಾಗಿತ್ತು. ಭಾವ ಮಾತ್ರ ವಾಪಸ್ ಬರುವಾಗ ಮರವಂತೆಯಲ್ಲಿ ನಿಲ್ಲಿಸಿ ಹೆಂಡತಿಗೆ ಫೋನ್ ಮಾಡಿ, ಐದು ನಕ್ಷತ್ರದ ಹ್ಯಾಚ್‌ಬ್ಯಾಕ್‌ಗಳು ಯಾವುವು ಎಂದು ಮಗನ ಹತ್ತಿರ ಪಟ್ಟಿ ಮಾಡಿಸಲು ಹೇಳಿದರು. ಫೋನ್ ಇಟ್ಟ ಮೇಲೆ, “ನಿಮ್ಮ ಶೆಡ್ಡಿನಲ್ಲಿ ಇನ್ನೊಂದಕ್ಕೆ ಜಾಗ ಆಗ್ತದಾ?” ಎಂದು ಕೇಳಿದರು. ಅಳೆದು ನೋಡಬೇಕು ಎಂದಿದ್ದೇನೆ.